ಕಂಪ್ಯೂಟರ್‌ನಲ್ಲಿ ಊರು ಕಟ್ಟಿದರೆ ಮನೆಗೆ ನೀರು ನುಗ್ಗೋದು ನಿಲ್ಲುತ್ತಾ?

ಪ್ರಶ್ನೆ: ನಮ್ಮ ಮನೆ ಚಾಮುಂಡಿ ಬೆಟ್ಟದ ಕೆಳಗಿನ ಬಡಾವಣೆಯಲ್ಲಿದೆ. ಜೋರು ಮಳೆ ಬಂದರೆ ಚರಂಡಿ ನೀರು ಹಾಲ್‌ಗೇ ಬರುತ್ತದೆ. ಈಗ ಊರಿನ ಡಿಜಿಟಲ್ ಮಾದರಿ ಮಾಡಿ ಇದನ್ನು ತಡೆಯಬಹುದು ಅಂತಾರೆ. ನೀರು ಎಲ್ಲಿ ನುಗ್ಗುತ್ತದೆ ಅಂತ ನಮಗೆ ಗೊತ್ತೇ ಇದೆ, ಸುಮ್ನೆ ದುಡ್ಡು ದಂಡ ಅಲ್ವಾ?
– ಓದುಗರೊಬ್ಬರು, ಮೈಸೂರು

ಉತ್ತರ: ಎಲ್ಲಿ ನುಗ್ಗುತ್ತದೆ ಅಂತ ನಿಮಗೆ ಗೊತ್ತು, ಸರಿ. ನಿಮ್ಮ ಬೀದಿಯ ಮೋರಿ ದೊಡ್ಡದು ಮಾಡಿದರೆ ಅದೇ ನೀರು ಕೆಳಗಿನ ಬೀದಿಯಲ್ಲಿ ಯಾರ ಮನೆಗೆ ಹೋಗುತ್ತದೆ? ಅಗೆಯೋ ಮೊದಲೇ ಅದನ್ನು ನೋಡೋದಕ್ಕೆ ಮಾದರಿ ಬೇಕು.

ಒಂದು ಚದರ ಮೀಟರ್ ಮೇಲೆ 1 ಮಿ.ಮೀ. ಮಳೆ ಅಂದರೆ 1 ಲೀಟರ್ ನೀರು. 30×40 ಸೈಟಿನ ಮೇಲೆ 50 ಮಿ.ಮೀ. ಸುರಿದರೆ ಸುಮಾರು 5,500 ಲೀಟರ್. ಹೊಲ ಇದ್ದಾಗ ಮಣ್ಣು ಒಂದಿಷ್ಟು ಕುಡಿಯುತ್ತಿತ್ತು, ಈಗ ಅಂಗಳಕ್ಕೂ ಟೈಲ್ಸ್ ಹಾಕಿದ್ದೇವೆ, ಹೆಚ್ಚುಕಮ್ಮಿ ಅಷ್ಟೂ ರಸ್ತೆಗೇ ಇಳಿಯುತ್ತದೆ. ಇಳಿಜಾರು, ಕಟ್ಟಡ, ರಾಜಕಾಲುವೆ, ಕೆರೆ ಎಲ್ಲವನ್ನೂ ಕಂಪ್ಯೂಟರ್‌ನಲ್ಲಿ ಕೂರಿಸಿ, ಅದರ ಮೇಲೆ ಬೇಕಾದಷ್ಟು ಮಳೆ ಸುರಿಸಿ ನೋಡಬಹುದು. ಸಿಂಗಪುರ ಇಡೀ ದೇಶಕ್ಕೇ ಮೂರು ಆಯಾಮದ ಮಾದರಿ ಮಾಡಿಕೊಂಡಿದೆ. ಮಾದರಿಯಲ್ಲಿ ಹಳೇ ಕೆರೆ, ತಗ್ಗುಗಳೂ ಇರಬೇಕು. ನಮ್ಮ ಮೈಸೂರಿನ ದೊಡ್ಡಕೆರೆ ಮೈದಾನ ಒಂದು ಕಾಲಕ್ಕೆ ಕೆರೆಯೇ. ಹಳೇ ತಗ್ಗುಗಳನ್ನು ನಾವು ಮರೆತರೂ ನೀರು ಮರೆಯಲ್ಲ.

ಆದರೆ ಮಾದರಿಗೆ ಏನು ಉಣಿಸುತ್ತಾರೆ ಅನ್ನೋದೇ ಮುಖ್ಯ. ನಮ್ಮ ದೇಶದ ಕಾರ್ಟೊಸ್ಯಾಟ್ ಉಪಗ್ರಹದ ಚಿತ್ರಗಳಿಂದ ಮಾಡಿದ, ಉಚಿತವಾಗಿ ಸಿಗುವ ನೆಲದ ಎತ್ತರದ ನಕ್ಷೆಯಲ್ಲಿ ಒಂದೊಂದು ಚೌಕದ ಅಗಲ ಸುಮಾರು 30 ಮೀಟರ್. ಅಂದರೆ ನಿಮ್ಮಂಥ ಎಂಟು ಸೈಟಿಗೆ ಸೇರಿ ಒಂದೇ ಎತ್ತರ! ಬೀದಿ ಮಟ್ಟದ ಲೆಕ್ಕಕ್ಕೆ ಅದು ಸಾಲದು, ಡ್ರೋನ್ ಅಥವಾ ವಿಮಾನದಿಂದ ಲೇಸರ್ ಸರ್ವೆ ಆಗಬೇಕು. ಅದಕ್ಕೂ ಮೋರಿಯ ಒಳಗಿನ ಹೂಳು ಕಾಣಲ್ಲ. ಒಂದಡಿ ಪೈಪ್ ತೆಗೆದು ಎರಡಡಿ ಹಾಕಿದರೆ ಅದೇ ಇಳಿಜಾರಿನಲ್ಲಿ ಆರು ಪಟ್ಟು ನೀರು ಹೋಗುತ್ತದೆ, ಆದರೆ ಅರ್ಧ ಹೂಳು ತುಂಬಿದರೆ ಹರಿಯೋದು ಅರ್ಧಕ್ಕಿಂತಲೂ ಕಡಿಮೆ. ಹೂಳು ತೆಗೆಯದ ಮೋರಿಯನ್ನು ಖಾಲಿ ಪೈಪ್ ಅಂತ ಬರೆದುಕೊಂಡರೆ, ಪರದೆ ಮೇಲೆ ನಿಮ್ಮ ಹಾಲ್ ಒಣಗೇ ಇರುತ್ತದೆ. ಹಾಗಾದರೆ ಮಾತ್ರ ಅದು ದುಡ್ಡು ದಂಡ.

ಅದಕ್ಕೇ ಒಂದು ಕೆಲಸ ಮಾಡಿ. ಮುಂದಿನ ಸಲ ನೀರು ನುಗ್ಗಿದಾಗ ಗೋಡೆ ಮೇಲೆ ಎಲ್ಲಿವರೆಗೆ ಬಂತೋ ಅಲ್ಲಿ ಪೆನ್ಸಿಲ್ ಗೆರೆ ಎಳೆದು, ತಾರೀಖು, ಗಂಟೆ ಬರೆದು, ಪಕ್ಕದಲ್ಲಿ ಟೇಪ್ ಹಿಡಿದು ಫೋಟೊ ತೆಗೆಯಿರಿ. ಮೋರಿಯ ಬಾಯಿ ಎಷ್ಟಗಲ, ಹೂಳು ಎಷ್ಟು ಅನ್ನೋದನ್ನು ಮಳೆ ನಿಂತ ಮೇಲೆ ಅಳೆಯಿರಿ. ಬೀದಿಯವರೆಲ್ಲ ಸೇರಿ ಪಾಲಿಕೆಗೆ ಕೊಡಿ. ಮಾದರಿ ಹೇಳಿದ ನೀರಿನ ಮಟ್ಟ ನಿಜವೋ ಸುಳ್ಳೋ ಅಂತ ಎಂಜಿನಿಯರ್‌ಗಳು ತಾಳೆ ನೋಡೋದು ಇಂಥ ಗೆರೆಗಳಿಂದಲೇ.