ಕುಟ್ಟದ ಮಗುವಿಗೆ ಹತ್ತಿರದ ಆಸ್ಪತ್ರೆ ಯಾವುದು?

ಟೀಚರ್, ನೀವು ಬಯಲುಸೀಮೆಯಿಂದ ವರ್ಗವಾಗಿ ಈಗಷ್ಟೇ ದಕ್ಷಿಣ ಕೊಡಗಿಗೆ ಬಂದಿದ್ದೀರಿ. ತರಗತಿಯ ಮಗುವೊಂದರ ಮೇಲೆ ಯಾರೋ ಲೈಂಗಿಕ ದೌರ್ಜನ್ಯ ಮಾಡಿದ್ದಾರೆ ಅಂತ ಗೊತ್ತಾದರೆ ಎಲ್ಲಿಗೆ ಕರೆದುಕೊಂಡು ಹೋಗಬೇಕು ಅಂತ ಕೇಳಿದ್ದೀರಿ. ಹತ್ತಿರ ಯಾವ ಆಸ್ಪತ್ರೆ ಇದೆಯೋ ಅಲ್ಲಿಗೆ, ಅವತ್ತೇ. ಅದು ಕರ್ನಾಟಕದ್ದಾದರೂ ಸರಿ, ಕೇರಳದ್ದಾದರೂ ಸರಿ.

ಕೇರಳದ ಗಡಿಯಲ್ಲಿರುವ ನಮ್ಮ ಕುಟ್ಟದಿಂದ ಜಿಲ್ಲಾ ಕೇಂದ್ರ ಮಡಿಕೇರಿಗೆ ಬಸ್ಸಿನಲ್ಲಿ ಎರಡು ಗಂಟೆಗೂ ಜಾಸ್ತಿ ಬೇಕು. ತೋಲ್ಪೆಟ್ಟಿ ಕಡೆಯಿಂದ ಹೋದರೆ ವಯನಾಡಿನ ಮಾನಂದವಾಡಿ ಅದರ ಅರ್ಧ ದೂರವೂ ಇಲ್ಲ. ಗಡಿಯ ಇನ್ನೊಂದು ಊರಾದ ಕರಿಕೆಯವರಿಗೂ ಕೇರಳದ ಪಾಣತ್ತೂರಿನ ದಾರಿಯೇ ಸುಲಭ. ಮಳೆಗಾಲದಲ್ಲಿ ಮರ ಬಿದ್ದು ರಸ್ತೆ ಮುಚ್ಚಿದಾಗ ನಾವು ಯಾವ ರಾಜ್ಯ ಅಂತ ನೋಡುವುದೇ ಇಲ್ಲ. ಆದರೆ ಇಂಥ ವಿಷಯ ಬಂದಾಗ ಮಾತ್ರ ಜನ ಬೇರೆ ಲೆಕ್ಕ ಹಾಕುತ್ತಾರೆ. ಇಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು. ಆಸ್ಪತ್ರೆಯಲ್ಲಿ ಚೀಟಿ ಬರೆಯುವವರು ನೆಂಟರೇ ಇರಬಹುದು. ಮನೆತನದ ಹೆಸರು ಹೋಗುತ್ತದೆ, ಕಾಫಿ ಕೊಯ್ಲು ಮುಗಿಯಲಿ, ಆಮೇಲೆ ಸುಮ್ನೆ ಮೈಸೂರಿಗೆ ಹೋಗಿ ತೋರಿಸೋಣ ಅನ್ನುತ್ತಾರೆ. ಈ ಕಾಯುವಿಕೆ ನನಗೆ ತುಂಬಾ ನೋವು ಕೊಡುತ್ತದೆ, ಯಾಕೆಂದರೆ ಕೆಲವು ಔಷಧಿಗಳು ಕಾಯುವುದಿಲ್ಲ.

ಲೈಂಗಿಕ ಹಲ್ಲೆ ಆಗಿದ್ದರೆ ಎಚ್‌ಐವಿ ತಗುಲದಂತೆ ಕೊಡುವ ಮಾತ್ರೆಯನ್ನು 72 ಗಂಟೆಯೊಳಗೆ ಶುರು ಮಾಡಬೇಕು, 28 ದಿನ ತಪ್ಪದೆ ಕೊಡಬೇಕು. ಮುಟ್ಟು ಶುರುವಾದ ಹುಡುಗಿಯಾದರೆ ಗರ್ಭ ನಿಲ್ಲದ ಹಾಗೆ ಕೊಡುವ ಮಾತ್ರೆಯೂ ಎಷ್ಟು ಬೇಗವಾದರೆ ಅಷ್ಟು ಒಳ್ಳೆಯದು. ಮೈಮೇಲಿನ ಸಾಕ್ಷ್ಯ ಒಂದೊಂದು ಗಂಟೆಗೂ ಕಡಿಮೆಯಾಗುತ್ತಾ ಹೋಗುತ್ತದೆ. ಆಸ್ಪತ್ರೆಗೆ ಹೋಗುವ ಮೊದಲು ಸ್ನಾನ ಮಾಡಿಸಬೇಡಿ, ಬಟ್ಟೆ ಒಗೆಯಬೇಡಿ. ಬಟ್ಟೆ ಬದಲಾಯಿಸಿದ್ದರೆ ಅದನ್ನು ಕಾಗದದ ಕವರಿನಲ್ಲಿ ಹಾಕಿ, ಪ್ಲಾಸ್ಟಿಕ್ ಬೇಡ. ನಮ್ಮ ಕಡೆಯ ಒಬ್ಬ ಆಶಾ ಕಾರ್ಯಕರ್ತೆಯ ಚೀಲದಲ್ಲಿ ಯಾವಾಗಲೂ ಒಂದು ಹಳೆಯ ಫ್ರಾಕು, ಒಂದು ಚಡ್ಡಿ, ಒಂದು ಟವೆಲ್ ಇರುತ್ತದೆ. ಮಗುವಿನ ಬಟ್ಟೆಯನ್ನು ಪರೀಕ್ಷೆಗೆ ಅಂತ ಇಟ್ಟುಕೊಂಡ ಮೇಲೆ, ಅದು ಆಸ್ಪತ್ರೆಯ ಬೆಡ್‌ಶೀಟ್ ಸುತ್ತಿಕೊಂಡು ಮನೆಗೆ ಹೋಗಬಾರದಲ್ವಾ? ಆ ಅಕ್ಕನಿಗೆ ಇದನ್ನು ಯಾರೂ ಹೇಳಿಕೊಟ್ಟಿಲ್ಲ.

ಘಟನೆ ಆಗಿ ತಿಂಗಳುಗಳೇ ಕಳೆದ ಮೇಲೆ ಬಾಯಿ ಬಿಡುವ ಮಕ್ಕಳೇ ಜಾಸ್ತಿ. ಆಗಲೂ ಕರೆದುಕೊಂಡು ಹೋಗಿ. ಸೋಂಕಿನ ಪರೀಕ್ಷೆ, ಗಾಯಕ್ಕೆ ಔಷಧಿ, ಮನಸ್ಸಿಗೆ ಚಿಕಿತ್ಸೆ ಎಲ್ಲವೂ ಇದೆ.

‘ಮೊದಲು ಪೊಲೀಸ್ ಕಂಪ್ಲೇಂಟ್ ತನ್ನಿ’ ಅಂತ ಕೌಂಟರಿನಲ್ಲಿ ಹೇಳಿದರೆ ಹಿಂದೆ ಬರಬೇಡಿ. ಸರ್ಕಾರಿ ಇರಲಿ ಖಾಸಗಿ ಇರಲಿ, ತಕ್ಷಣ ಉಚಿತವಾಗಿ ಚಿಕಿತ್ಸೆ ಕೊಡಲೇಬೇಕು ಅಂತ ಕಾನೂನಿದೆ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ 2012ರ ಪೋಕ್ಸೊ ಕಾಯ್ದೆಯಂತೆ ಎಫ್‌ಐಆರ್ ಆಗದಿದ್ದರೂ ವೈದ್ಯಕೀಯ ಪರೀಕ್ಷೆ ಮಾಡಬಹುದು. ಹೆಣ್ಣು ಮಗುವನ್ನು ಮಹಿಳಾ ವೈದ್ಯರೇ ನೋಡಬೇಕು. ಮಗು ನಂಬುವ ಒಬ್ಬರು ಪಕ್ಕದಲ್ಲಿರಬೇಕು. ಗುಪ್ತಾಂಗದೊಳಗೆ ಬೆರಳಿಟ್ಟು ನೋಡುವ ‘ಎರಡು ಬೆರಳಿನ ಪರೀಕ್ಷೆ’ಯನ್ನು ಯಾರೂ ಮಾಡುವಂತಿಲ್ಲ. 2022ರಲ್ಲೂ ಸುಪ್ರೀಂ ಕೋರ್ಟ್ ಅದನ್ನು ಖಡಾಖಂಡಿತವಾಗಿ ಹೇಳಿದೆ.

ಪೊಲೀಸರಿಗೆ ತಿಳಿಸುವುದು ಟೀಚರಾಗಿ ನಿಮ್ಮ ಕರ್ತವ್ಯ, ಮುಚ್ಚಿಟ್ಟರೆ ಶಿಕ್ಷೆಯಿದೆ. ಹಾಗಾಗಿ ಮಗುವಿಗೆ ‘ಯಾರಿಗೂ ಹೇಳಲ್ಲ’ ಅಂತ ಮಾತು ಕೊಡಬೇಡಿ. ‘ನಿನಗೆ ಸಹಾಯ ಮಾಡುವವರಿಗೆ ಮಾತ್ರ ಹೇಳ್ತೀನಿ’ ಅನ್ನಿ. ಘಟನೆ ಕೇರಳದ ಕಡೆ ಆಗಿದ್ದರೂ ಇಲ್ಲಿನ ಠಾಣೆ ಝೀರೋ ಎಫ್‌ಐಆರ್, ಅಂದರೆ ತನ್ನ ವ್ಯಾಪ್ತಿಯ ಹೊರಗಿನ ಘಟನೆಗೂ ಬರೆದುಕೊಳ್ಳುವ ಎಫ್‌ಐಆರ್, ದಾಖಲಿಸಬೇಕು. ಹೇಳಿಕೆಯನ್ನು ಮಗುವಿನ ಮನೆಯಲ್ಲೇ ತೆಗೆದುಕೊಳ್ಳಬಹುದು, ಬರುವ ಪೊಲೀಸರು ಯೂನಿಫಾರ್ಮಿನಲ್ಲಿ ಇರಬಾರದು. ತೋಟದ ಲೈನ್ ಮನೆಗಳಲ್ಲಿ, ಅಂದರೆ ಕೂಲಿಯವರ ಸಾಲು ಮನೆಗಳಲ್ಲಿ, ಇದು ದೊಡ್ಡ ವಿಷಯ. ಒಂದು ಜೀಪು ಬಂದು ನಿಂತರೆ ಇಡೀ ಸಾಲು ಹೊರಗೆ ಬಂದು ನೋಡುತ್ತದೆ.

ಲೈನ್ ಮನೆ ಅಂದಾಗ ಭಾಷೆಯ ಮಾತು ಬರುತ್ತದೆ. ನಿಮ್ಮ ತರಗತಿಯಲ್ಲಿ ಕೊಡವ ತಕ್ಕ್, ಮಲಯಾಳಂ, ಯರವ, ಜೇನುಕುರುಬ, ಅಸ್ಸಾಂ ಕಡೆಯಿಂದ ಬಂದವರ ಮಾತು ಎಲ್ಲವೂ ಕೇಳಿಸುತ್ತದೆ. ಶಾಲೆಯಲ್ಲಿ ಕನ್ನಡದಲ್ಲಿ ಮಗ್ಗಿ ಹೇಳುವ ಮಗು ತನ್ನ ನೋವನ್ನು ಕನ್ನಡದಲ್ಲಿ ಹೇಳಲಾರದು. ದುಭಾಷಿ ಬೇಕು ಅಂತ ಕೇಳಿ, ಕಾನೂನಿನಲ್ಲಿ ಅದಕ್ಕೆ ಅವಕಾಶವಿದೆ. ಆದರೆ ತೋಟದ ಮೇಸ್ತ್ರಿಯನ್ನೋ ಲೆಕ್ಕ ಬರೆಯುವ ರೈಟರನ್ನೋ ದುಭಾಷಿಯಾಗಿ ಕೂರಿಸಬೇಡಿ. ಅಪ್ಪ ಅಮ್ಮನ ಕೂಲಿ ಅವರ ಕೈಯಲ್ಲಿದ್ದಾಗ ಮಗು ಏನು ಹೇಳೀತು? ಹಾಡಿಯ (ಆದಿವಾಸಿಗಳ ಕೇರಿಯ) ಅಂಗನವಾಡಿಯವರು, ಅದೇ ಭಾಷೆಯ ನರ್ಸ್ ಯಾರಾದರೂ ಸಿಕ್ಕರೆ ಒಳ್ಳೆಯದು.

ಇನ್ನು ಮನಸ್ಸಿನ ವಿಷಯ. ಇದ್ದಕ್ಕಿದ್ದಂತೆ ಹಾಸಿಗೆ ಒದ್ದೆ ಮಾಡುವುದು, ದಿನಾ ಹೊಟ್ಟೆನೋವು, ಯಾರೋ ಒಬ್ಬರ ಮನೆಗೆ ಹೋಗಲು ಹಟ ಹಿಡಿದು ಒಲ್ಲೆ ಅನ್ನುವುದು: ಇವನ್ನು ದೃಷ್ಟಿ, ಗಾಳಿ ಸೋಂಕು ಅಂತ ನೂಲು ಕಟ್ಟಿಸಿ ಬಿಟ್ಟುಬಿಡುತ್ತಾರೆ. ನೂಲು ಕಟ್ಟಿಸಲಿ, ಅದರ ಜೊತೆಗೆ ಡಾಕ್ಟರಿಗೂ ತೋರಿಸಲಿ. ಮಡಿಕೇರಿಯ ಜಿಲ್ಲಾ ಆಸ್ಪತ್ರೆ ಈಗ ಮೆಡಿಕಲ್ ಕಾಲೇಜಿನದ್ದು, ಮನೋವೈದ್ಯರು ಅಲ್ಲಿದ್ದಾರೆ. ಅಷ್ಟು ದೂರ ಹೋಗುವ ಮೊದಲು 14416ಕ್ಕೆ ಫೋನ್ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನವರು ಕನ್ನಡದಲ್ಲೇ ಮಾತಾಡುತ್ತಾರೆ, ಹಗಲು ರಾತ್ರಿ ಯಾವಾಗ ಬೇಕಾದರೂ. ಮಗುವಿಗೆ ಏನಾಯ್ತು ಅಂತ ನೀವು, ಹೆಡ್‌ಮಾಸ್ಟರು, ಅಜ್ಜಿ, ಪಕ್ಕದ ಮನೆಯವರು ಒಬ್ಬರಾದ ಮೇಲೆ ಒಬ್ಬರು ಕೇಳಬೇಡಿ. ಹೇಳಿದಾಗೆಲ್ಲ ಅದು ಮತ್ತೆ ಅದನ್ನೇ ಅನುಭವಿಸುತ್ತದೆ.

ಮಕ್ಕಳ ಸಹಾಯವಾಣಿ 1098ಕ್ಕೂ ಹೇಳಿ. ವಿಷಯ ಮಕ್ಕಳ ಕಲ್ಯಾಣ ಸಮಿತಿಗೆ ಹೋಗುತ್ತದೆ. ಸಮಿತಿ ನೇಮಿಸುವ ಬೆಂಬಲ ವ್ಯಕ್ತಿ ಆಸ್ಪತ್ರೆಯಿಂದ ಕೋರ್ಟಿನ ತನಕ ಮಗುವಿನ ಜೊತೆ ಇರುತ್ತಾರೆ. ಅಂಥವರನ್ನು ಕೊಡಿ ಅಂತ ಬಾಯಿಬಿಟ್ಟು ಕೇಳಿ.

ಕೊನೆಯದಾಗಿ ಒಂದು ವಿಷಯ, ಇದು ನಮ್ಮ ಜಿಲ್ಲೆಯಲ್ಲಿ ದಿನನಿತ್ಯದ ಕಷ್ಟ. ಕೊಯ್ಲು ಮುಗಿದರೆ ಕೂಲಿ ಕುಟುಂಬಗಳು ಬೇರೆ ತೋಟಕ್ಕೆ, ಬೇರೆ ರಾಜ್ಯಕ್ಕೆ ಹೊರಟುಬಿಡುತ್ತವೆ. 28 ದಿನದ ಮಾತ್ರೆ ನಡುವೆ ನಿಲ್ಲುತ್ತದೆ, ಕೌನ್ಸೆಲಿಂಗ್ ಎರಡನೇ ಸಲಕ್ಕೇ ತಪ್ಪುತ್ತದೆ. ಆಸ್ಪತ್ರೆಯ ಚೀಟಿಗಳ ಜೆರಾಕ್ಸ್ ತಾಯಿಯ ಕೈಗೆ ಕೊಡಿ. ಮುಂದೆ ಯಾವ ಊರಿಗೆ ಹೋಗ್ತೀರಿ ಅಂತ ಕೇಳಿ, ಅದನ್ನು ಆಸ್ಪತ್ರೆಗೂ ಬೆಂಬಲ ವ್ಯಕ್ತಿಗೂ ತಿಳಿಸಿ. ಅಲ್ಲಿನ ಆಸ್ಪತ್ರೆಗೆ ಪತ್ರ ಬರೆದುಕೊಡಿ ಅಂತ ಡಾಕ್ಟರನ್ನು ಹೊರಡುವ ಮೊದಲೇ ಕೇಳಿಕೊಳ್ಳಿ.