ಅಪಶಕುನದ ಸೀನು, ಬಾಂಡ್‌ನ ಧಾಟಿ

ಮಾನ್ಯ ಮೇಷ್ಟರಿಗೆ ನಮಸ್ಕಾರ.

ಮಂಡ್ಯದಿಂದ ನೀವು ಕಳುಹಿಸಿದ ನಾಲ್ಕು ಪುಟಗಳ ಪತ್ರವೂ ಅದರೊಂದಿಗಿದ್ದ ಪೆನ್‌ಡ್ರೈವ್ ಕೂಡ ಮೈಸೂರಿನ ನಮ್ಮ ಕಚೇರಿಯನ್ನು ತಲುಪಿವೆ. ಪತ್ರವನ್ನು ಪೂರ್ತಿಯಾಗಿ ಅಚ್ಚು ಹಾಕಲು ಜಾಗವಿಲ್ಲ. ಹಾಗಾಗಿ ಉಳಿದ ಓದುಗರಿಗೆ ಸಾರಾಂಶ ಹೇಳಿಬಿಡುತ್ತೇನೆ. ಗೂಢಚಾರ ಚಿತ್ರಗಳ ಸಂಗೀತದ ಬಗ್ಗೆ ಕಳೆದ ತಿಂಗಳು ನಾನು ಬರೆದದ್ದರಲ್ಲಿ ಒಂದು ತಪ್ಪು, ಒಂದು ಅಪಚಾರ ಇವೆ ಎಂಬುದು ನಿಮ್ಮ ದೂರು. ಜೇಮ್ಸ್ ಬಾಂಡ್‌ನ ಪ್ರಸಿದ್ಧ ಧಾಟಿ ಬಾಂಡ್ ಚಿತ್ರಗಳ ಸಂಗೀತ ನಿರ್ದೇಶಕ ಜಾನ್ ಬ್ಯಾರಿಯದು ಎಂದದ್ದು ತಪ್ಪು. ಬ್ಯಾರಿಯ ನಂತರ ಬಂದವರನ್ನೂ ಹೊಗಳಿದ್ದು ಅಪಚಾರ. ಸಂಜೆ ಕಾಫಿಗೆ ಸೇರುವ ನಿಮ್ಮ ಗೆಳೆಯರ ಬಳಗ ಈ ವಿಷಯದಲ್ಲಿ ಎರಡು ಪಾಲಾಗಿದೆಯಂತೆ. ‘ಗುನುಗಲು ಬಾರದ್ದು ಅದೆಂಥ ಸಂಗೀತ?’ ಎಂದು ಕೇಳಿ ಪತ್ರ ಮುಗಿಸಿದ್ದೀರಿ.

ತಪ್ಪನ್ನು ಒಪ್ಪಿಕೊಂಡೆ. ಬ್ಯಾರಿಯ ಪರಮ ಭಕ್ತರಾದ ನೀವೇ ಅದನ್ನು ತಿದ್ದಿದ್ದೀರಿ ಎನ್ನುವುದು ನನ್ನನ್ನು ಇನ್ನಷ್ಟು ನಾಚಿಸಿತು. 1962ರ ‘ಡಾ. ನೋ’ ಚಿತ್ರದ ಆ ಧಾಟಿಯ ಕರ್ತೃ ಮಾಂಟಿ ನಾರ್ಮನ್. ಅದನ್ನು ವಾದ್ಯವೃಂದಕ್ಕೆ ಅಳವಡಿಸಿದವರು ಬ್ಯಾರಿ. ಗಿಟಾರ್ ನುಡಿಸಿದವರು ವಿಕ್ ಫ್ಲಿಕ್. ಬ್ಯಾರಿಯೇ ನಿಜವಾದ ಕರ್ತೃ ಎಂಬರ್ಥದಲ್ಲಿ ಬರೆದ ಲಂಡನ್ನಿನ ಪತ್ರಿಕೆಯ ಮೇಲೆ ನಾರ್ಮನ್ ಮಾನನಷ್ಟ ಮೊಕದ್ದಮೆ ಹೂಡಿದರು. 2001ರಲ್ಲಿ ಗೆದ್ದು 30,000 ಪೌಂಡ್ ಪರಿಹಾರವನ್ನೂ ಪಡೆದರು. ನಮ್ಮ ಪತ್ರಿಕೆ ಲಂಡನ್ನಿನಲ್ಲಿ ಮಾರಾಟವಾಗುವುದಿಲ್ಲ ಎಂಬುದಷ್ಟೇ ನನಗಿರುವ ಸಮಾಧಾನ.

ಆದರೆ ಆ ಧಾಟಿಯ ಪೂರ್ವಾಶ್ರಮ ನಿಮ್ಮ ಬಳಗಕ್ಕೆ ಗೊತ್ತಿದೆಯೇ? ಟ್ರಿನಿಡಾಡಿನ ಭಾರತೀಯರ ಬದುಕನ್ನು ಕುರಿತ ವಿ.ಎಸ್. ನೈಪಾಲರ ‘ಎ ಹೌಸ್ ಫಾರ್ ಮಿಸ್ಟರ್ ಬಿಸ್ವಾಸ್’ ಕಾದಂಬರಿಯನ್ನು ಸಂಗೀತ ನಾಟಕ ಮಾಡುವ ಯೋಚನೆಯೊಂದಿತ್ತು. ಅದಕ್ಕೆ ನಾರ್ಮನ್ ಹಾಡುಗಳನ್ನು ಕಟ್ಟಿದ್ದರು. ನಾಟಕ ರಂಗಕ್ಕೆ ಏರಲಿಲ್ಲ, ಒಂದು ಹಾಡು ಮಾತ್ರ ಉಳಿಯಿತು. ಬಿಸ್ವಾಸ್ ತನ್ನ ಅಪಶಕುನದ ಸೀನಿನ ಬಗ್ಗೆ ಗೋಳಾಡುವ ಹಾಡು ಅದು! ಹೊರಡುವಾಗ ಯಾರಾದರೂ ಒಂಟಿ ಸೀನು ಸೀನಿದರೆ ನೀರು ಕುಡಿದು, ಎರಡು ನಿಮಿಷ ಕುಳಿತು ಹೊರಡುವ ನಮಗೆ ಆ ಹಾಡಿನ ಸಂಕಟವನ್ನು ವಿವರಿಸಬೇಕಾಗಿಲ್ಲ. ಆ ಸೀನೇ ಗಿಟಾರಿನ ತಂತಿ ಏರಿ ಬಾಂಡ್ ಆಯಿತು. 1983ರ ‘ಆಕ್ಟೋಪಸಿ’ಯಲ್ಲಿ ಉದಯಪುರಕ್ಕೆ ಬಂದಿಳಿದ ಬಾಂಡ್‌ಗೆ ಹಾವಾಡಿಗನ ವೇಷದ ಟೆನಿಸ್ ಆಟಗಾರ ವಿಜಯ್ ಅಮೃತರಾಜ್ ಪುಂಗಿಯಲ್ಲಿ ಇದೇ ಧಾಟಿ ಊದಿ ಗುರುತು ಕೊಡುತ್ತಾರೆ. ನಾನು ಅದನ್ನು ಮೈಸೂರಿನ ಚಿತ್ರಮಂದಿರದಲ್ಲಿ ನೋಡಿದಾಗ ಪಕ್ಕದವರು ನಕ್ಕಿದ್ದರು, ನಾನೂ ನಕ್ಕಿದ್ದೆ. ಅದು ತವರಿಗೆ ಬಂದ ಧಾಟಿ ಎಂದು ಆಗ ಯಾರಿಗೆ ಗೊತ್ತಿತ್ತು?

ಈಗ ಅಪಚಾರದ ವಿಷಯ. ಇಲ್ಲಿ ನಾನು ಜಗ್ಗುವುದಿಲ್ಲ. ಗುನುಗಲು ಬರುವುದು ಹಾಡಿನ ಗುಣ. ಹಿನ್ನೆಲೆ ಸಂಗೀತವನ್ನು ಆ ತಕ್ಕಡಿಯಲ್ಲಿ ತೂಗಬಾರದು. ಗೂಢಚಾರ ಅಡಗಿರಬೇಕಾದವನು. ಅವನು ಕಾಲಿಟ್ಟಲ್ಲೆಲ್ಲ ತುತ್ತೂರಿ ಊದಿದರೆ ಅವನಿಗಿಂತ ಮೊದಲು ಸಂಗೀತವೇ ಸಿಕ್ಕಿಬೀಳುತ್ತದೆ. ಯಾವಾಗ ನುಡಿಸಬೇಕು ಎನ್ನುವಷ್ಟೇ ಯಾವಾಗ ಸುಮ್ಮನಿರಬೇಕು ಎನ್ನುವುದೂ ಈ ಜಾತಿಯ ಚಿತ್ರಗಳಲ್ಲಿ ವಿದ್ಯೆ. ನಿಮ್ಮ ದೇವರಿಗೇ ಅದು ಚೆನ್ನಾಗಿ ಗೊತ್ತಿತ್ತು. 1963ರ ‘ಫ್ರಮ್ ರಷ್ಯಾ ವಿತ್ ಲವ್’ನ ರೈಲಿನ ಹೊಡೆದಾಟವನ್ನು ಇನ್ನೊಮ್ಮೆ ನೋಡಿ. ಹೊಡೆತ, ಏದುಸಿರು, ರೈಲಿನ ಸದ್ದು ಬಿಟ್ಟರೆ ಸಂಗೀತವೇ ಇಲ್ಲ. 2006ರ ‘ಕ್ಯಾಸಿನೊ ರಾಯಲ್’ನಲ್ಲಿ ಡೇವಿಡ್ ಅರ್ನಾಲ್ಡ್ ಮಾಡಿದ್ದೂ ಇದೇ ಜಾತಿಯ ಕೆಲಸ. ನಾಯಕ ಇನ್ನೂ ಬಾಂಡ್ ಆಗಿಲ್ಲವೆಂದು ಆ ಧಾಟಿಯ ತುಣುಕುಗಳನ್ನಷ್ಟೇ ಅಲ್ಲಲ್ಲಿ ಸೂಸಿ, ಪೂರ್ಣ ರೂಪವನ್ನು ಚಿತ್ರದ ಕೊನೆಯ ಮಾತಿನವರೆಗೂ ತಡೆದಿಟ್ಟರು. ಗುನುಗುವವರಿಗೆ ಇದು ಕಾಣದಿರಬಹುದು, ಕಾದವರಿಗೆ ಕಾಣುತ್ತದೆ.

‘ಮಿಷನ್ ಇಂಪಾಸಿಬಲ್’ ಧಾಟಿಯ ಬಗ್ಗೆ ನಿಮ್ಮೊಂದಿಗೆ ನನ್ನ ತಕರಾರಿಲ್ಲ. 1966ರಲ್ಲಿ ಲಾಲೋ ಶಿಫ್ರಿನ್ ಟಿ.ವಿ. ಸರಣಿಗಾಗಿ ಕಟ್ಟಿದ ಅದು ಐದರ ಎಣಿಕೆಯಲ್ಲಿದೆ. ತಕಿಟ ತಕಿಟ ತಕ ತಕ ಎಂದು ತೊಡೆಯ ಮೇಲೆ ತಟ್ಟಿ ನೋಡಿ, ಕೂತುಕೊಳ್ಳುತ್ತದೆ. ಐದರ ಎಣಿಕೆಯ ಖಂಡ ಜಾತಿಯಲ್ಲಿ ಪಳಗಿದ ನಮ್ಮ ಮೃದಂಗದ ಹುಡುಗರಿಗೆ ಅದು ನೀರು ಕುಡಿದಷ್ಟು ಸುಲಭ. 1996ರಲ್ಲಿ ಚಿತ್ರವಾದಾಗ ‘ಯು2’ ರಾಕ್ ತಂಡದ ಲ್ಯಾರಿ ಮಲೆನ್ ಮತ್ತು ಆಡಮ್ ಕ್ಲೇಟನ್ ತಮ್ಮ ಧ್ವನಿಮುದ್ರಿಕೆಗೆ ಅದನ್ನು ನಾಲ್ಕರ ಎಣಿಕೆಗೆ ಇಳಿಸಿದರು. ಕುಣಿಯಲು ಅನುಕೂಲವಾಯಿತು, ಎದೆ ಡವಗುಟ್ಟುವುದು ನಿಂತಿತು.

ಕನ್ನಡದ ಮಾತನ್ನು ನೀವು ಒಂದೇ ಸಾಲಿನಲ್ಲಿ, ‘ನಮ್ಮವೆಲ್ಲ ನಕಲು’ ಎಂದು ಮುಗಿಸಿದ್ದೀರಿ. ಇದು ನ್ಯಾಯವಲ್ಲ. 1968ರ ‘ಜೇಡರ ಬಲೆ’ಯಿಂದ 1978ರ ‘ಆಪರೇಷನ್ ಡೈಮಂಡ್ ರಾಕೆಟ್’ವರೆಗೆ ದೊರೆ-ಭಗವಾನ್ ಮತ್ತು ರಾಜಕುಮಾರ್ ಅವರ ಬಾಂಡ್ ಮಾದರಿಯ ಚಿತ್ರಗಳಿಗೆ ಸಂಗೀತ ಕೊಟ್ಟವರು ಜಿ.ಕೆ. ವೆಂಕಟೇಶ್. ಕೋಟು, ಪಿಸ್ತೂಲು ಹೊರಗಿನಿಂದ ಬಂದವು, ನಿಜ. ಆದರೆ ‘ಇಫ್ ಯು ಕಮ್ ಟುಡೇ’ ಎಂದು ಅಣ್ಣಾವ್ರು ಇಂಗ್ಲಿಷಿನಲ್ಲಿ ಹಾಡುವಾಗಲೂ ಆ ದನಿಯನ್ನು ಯಾವ ಊರಿನವರಾದರೂ ಬೇರೆಯವರದೆಂದು ತಿಳಿಯುತ್ತಾರೆಯೇ? ಅಂದಹಾಗೆ ನಿಮ್ಮ ಗುನುಗುವ ಪರೀಕ್ಷೆಯಲ್ಲಿ ಅದು ಮೊದಲ ದರ್ಜೆಯಲ್ಲಿ ಪಾಸಾಗುತ್ತದೆ. ನಿಮ್ಮ ಮೊಮ್ಮಕ್ಕಳನ್ನೇ ಕೇಳಿ.

ಪೆನ್‌ಡ್ರೈವನ್ನು ಅಂಚೆಯಲ್ಲಿ ಹಿಂದಿರುಗಿಸುತ್ತಿದ್ದೇನೆ. ಬ್ಯಾರಿಯ ಹನ್ನೊಂದೂ ಬಾಂಡ್ ಚಿತ್ರಗಳ ಸಂಗೀತ ಅದರಲ್ಲಿದೆ ಎಂದಿದ್ದೀರಿ. ಎಣಿಸಿದರೆ ಹತ್ತೇ ಇವೆ. ಇಲ್ಲದ್ದು 1987ರ ‘ದಿ ಲಿವಿಂಗ್ ಡೇಲೈಟ್ಸ್’, ಅವರ ಕೊನೆಯ ಬಾಂಡ್ ಚಿತ್ರ. ವಾದ್ಯವೃಂದದ ಜೊತೆಗೆ ಎಲೆಕ್ಟ್ರಾನಿಕ್ ತಾಳವನ್ನು ಬ್ಯಾರಿಯೇ ಸೇರಿಸಿದ್ದು ಅದರಲ್ಲಿ. ‘ಯಂತ್ರದ ಸದ್ದು ಸಂಗೀತವಲ್ಲ’ ಎಂದು ಪತ್ರದ ಮೂರನೆಯ ಪುಟದಲ್ಲಿ ಬರೆದಿದ್ದೀರಲ್ಲ, ಅದಕ್ಕೂ ಈ ಗೈರುಹಾಜರಿಗೂ ಏನಾದರೂ ಸಂಬಂಧವಿದೆಯೇ ಮೇಷ್ಟರೇ?

— ಸಂಪಾದಕ