ಕೇರ್ ಹೋಮ್‌ಗೆ ಸೋಂಕು ತಂದವರು ಯಾರೆಂದು ಜೀನೋಮ್ ಪರೀಕ್ಷೆ ಹೇಳಬಲ್ಲದೇ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ನೀವು ಇಂಗ್ಲೆಂಡಿನ ಕೇರ್ ಹೋಮ್ ಒಂದರಲ್ಲಿ ವೃದ್ಧರ ಆರೈಕೆಯ ಕೆಲಸದಲ್ಲಿದ್ದೀರಿ. ಅಲ್ಲಿ ಹನ್ನೊಂದು ಮಂದಿಗೆ ಕೋವಿಡ್ ಬಂದಿದೆ. ಮೊದಲು ಪಾಸಿಟಿವ್ ಬಂದದ್ದು ನಿಮಗೆ, ಆದ್ದರಿಂದ ಒಳಗೆ ತಂದವರೂ ನೀವೇ ಎಂದು ಮ್ಯಾನೇಜರ್ ಹೇಳುತ್ತಿದ್ದಾರೆ. ‘ಜೀನ್ ಪರೀಕ್ಷೆ ಮಾಡಿಸಿದರೆ ಎಲ್ಲ ಬಯಲಾಗುತ್ತದೆ’ ಎಂದು ಹೆದರಿಸಿಯೂ ಇದ್ದಾರೆ. ನಿಜಕ್ಕೂ ಏನು ಬಯಲಾಗುತ್ತದೆ ಎಂದು ಕೇಳಿದ್ದೀರಿ.

ನಾನು ದಾವಣಗೆರೆಯವನು. 2020 ಮತ್ತು 2021ರಲ್ಲಿ ಇಂಗ್ಲೆಂಡಿನ ಆಸ್ಪತ್ರೆಯೊಂದರ ಪ್ರಯೋಗಾಲಯದಲ್ಲಿ ಕೇರ್ ಹೋಮ್‌ಗಳಿಂದ ಬಂದ ಮಾದರಿಗಳ ಜೀನೋಮ್ ಸೀಕ್ವೆನ್ಸಿಂಗ್, ಅಂದರೆ ವೈರಸ್ಸಿನ ಆನುವಂಶಿಕ ಬರಹವನ್ನು ಅಕ್ಷರ ಅಕ್ಷರವಾಗಿ ಓದುವ ಕೆಲಸ, ಮಾಡುತ್ತಿದ್ದೆ. ನೀವು ಕಂಗಾಲಾಗಿರುವುದು ನಿಮ್ಮ ಬರಹದಲ್ಲೇ ಕಾಣುತ್ತಿರುವುದರಿಂದ ಉತ್ತರವನ್ನು ಮೊದಲೇ ಹೇಳುತ್ತೇನೆ. ‘ಇವರಿಂದ ಬಂದಿಲ್ಲ’ ಎಂದು ಈ ಪರೀಕ್ಷೆ ಗಟ್ಟಿಯಾಗಿ ಹೇಳಬಲ್ಲದು. ‘ಇವರಿಂದಲೇ ಬಂತು’ ಎಂದು ಹೇಳುವ ಶಕ್ತಿ ಅದಕ್ಕೆ ಬಹುಮಟ್ಟಿಗೆ ಇಲ್ಲ.

ಏಕೆಂದು ತಿಳಿಯಲು ನಮ್ಮ ಓಲೆಗರಿ ಪ್ರತಿಗಳನ್ನು ನೆನೆಸಿಕೊಳ್ಳಿ. ಕಾವ್ಯವನ್ನು ನಕಲು ಮಾಡುವಾಗ ಲಿಪಿಕಾರ ಒಂದು ಕಡೆ ಅಕ್ಷರ ತಪ್ಪುತ್ತಾನೆ. ಅವನ ಪ್ರತಿ ನೋಡಿ ಬರೆದವರೆಲ್ಲರ ಗರಿಗಳಲ್ಲೂ ಆ ತಪ್ಪು ಉಳಿಯುತ್ತದೆ, ಅದರ ಮೇಲೆ ಅವರವರ ಹೊಸ ತಪ್ಪು ಸೇರುತ್ತದೆ. ಗ್ರಂಥಸಂಪಾದಕರು ಈ ತಪ್ಪುಗಳ ಜಾಡು ಹಿಡಿದೇ ಯಾವ ಪ್ರತಿ ಯಾವ ಕವಲಿಗೆ ಸೇರಿದ್ದು ಎಂದು ಗುರುತಿಸುತ್ತಾರೆ. ನಾವು ಮಾಡುವುದೂ ಅದನ್ನೇ. ಕೊರೊನಾ ವೈರಸ್ಸಿನ ಜೀನೋಮ್ ಸುಮಾರು 30,000 ಅಕ್ಷರಗಳ ಬರಹ, ಎ, ಸಿ, ಜಿ, ಟಿ ಎಂಬ ನಾಲ್ಕೇ ಅಕ್ಷರಗಳಲ್ಲಿ ನಾವು ಅದನ್ನು ಓದುತ್ತೇವೆ. ಒಬ್ಬರಿಂದ ಒಬ್ಬರಿಗೆ ದಾಟುತ್ತ ಹೋದಂತೆ ಅದರಲ್ಲಿ ತಿಂಗಳಿಗೆ ಸರಾಸರಿ ಎರಡು ಅಕ್ಷರ ಬದಲಾಗುತ್ತವೆ. ಆದರೆ ಸೋಂಕು ಒಬ್ಬರಿಂದ ಇನ್ನೊಬ್ಬರಿಗೆ ದಾಟಲು ನಾಲ್ಕೈದು ದಿನ ಸಾಕು. ಅಷ್ಟರಲ್ಲಿ ಎಷ್ಟೋ ಸಲ ಒಂದಕ್ಷರವೂ ಬದಲಾಗಿರುವುದಿಲ್ಲ. ಹಾಗಾಗಿ ನಿಮ್ಮ ವೈರಸ್ಸೂ ನೀವು ಊಟ ಮಾಡಿಸುವ ಅಜ್ಜಿಯ ವೈರಸ್ಸೂ ಒಂದೇ ಎಂದು ಬಂದರೆ ನೀವು ಅಜ್ಜಿಗೆ ಕೊಟ್ಟಿರಬಹುದು, ಅಜ್ಜಿಯಿಂದ ನಿಮಗೆ ಬಂದಿರಬಹುದು, ಮೂರನೆಯವರೊಬ್ಬರು ಇಬ್ಬರಿಗೂ ಅಂಟಿಸಿರಬಹುದು. ಮೂರರಲ್ಲಿ ಯಾವುದು ನಡೆದಿದ್ದರೂ ಜೀನೋಮ್ ಒಂದೇ ಬಗೆಯಾಗಿ ಕಾಣುತ್ತದೆ.

ವ್ಯತ್ಯಾಸ ದೊಡ್ಡದಾಗಿದ್ದರೆ ಮಾತು ಬೇರೆ. ನಮ್ಮಲ್ಲಿಗೆ ಒಂದು ಕೇರ್ ಹೋಮ್‌ನಿಂದ ಹದಿನಾಲ್ಕು ಟ್ಯೂಬುಗಳು ಬಂದಿದ್ದವು. ರಾತ್ರಿ ಪಾಳಿಯ ಒಬ್ಬಳು ಹುಡುಗಿ ಕೆಮ್ಮಿಕೊಂಡೇ ಕೆಲಸಕ್ಕೆ ಬಂದಳಂತೆ, ಅವಳಿಂದಲೇ ಎಲ್ಲರಿಗೂ ಹರಡಿತು ಎಂದು ಅಲ್ಲಿ ಆಗಲೇ ತೀರ್ಮಾನವಾಗಿತ್ತು. ವೈರಸ್ಸಿನ ಬರಹವನ್ನು ಸುಮಾರು ನಾನೂರು ಅಕ್ಷರಗಳ ತುಂಡುಗಳಾಗಿ ನಕಲು ಮಾಡಿ, ಅಂಗೈಯಗಲದ ಯಂತ್ರದಲ್ಲಿ ಓದಿಸಿ, ಸಾಲುಗಳನ್ನು ಪರದೆಯ ಮೇಲೆ ಒಂದರ ಕೆಳಗೊಂದು ಜೋಡಿಸಿದೆವು. ಮೇಲಿನ ಮಹಡಿಯ ನಿವಾಸಿಗಳ ಸಾಲುಗಳೆಲ್ಲ ತದ್ರೂಪ. ಲಾಂಡ್ರಿಯಲ್ಲಿ ಬಟ್ಟೆ ಒಗೆಯುವವರದೂ ಅದೇ. ಆ ಹುಡುಗಿಯ ಸಾಲು ಮಾತ್ರ ಆರು ಕಡೆ ಬೇರೆ. ಉಳಿದವರಲ್ಲಿ ಸಿ ಇದ್ದ ಕಡೆ ಅವಳಲ್ಲಿ ಟಿ, ಅವರಲ್ಲಿ ಜಿ ಇದ್ದ ಕಡೆ ಅವಳಲ್ಲಿ ಎ. ಒಂದು ವಾರದಲ್ಲಿ ಆರು ಅಕ್ಷರ ಬದಲಾಗುವುದಿಲ್ಲ. ಅವಳಿಗೆ ಸೋಂಕು ತಗುಲಿದ್ದು ಹೊರಗೆಲ್ಲೋ. ಮೇಲಿನ ಮಹಡಿಯ ಒಬ್ಬರಿಗೂ ಅದು ಅವಳಿಂದ ಹೋಗಿರಲಿಲ್ಲ. ವರದಿ ಬರೆದು ಕಳಿಸುವ ಹೊತ್ತಿಗೆ ಮೂರು ವಾರ ಕಳೆದಿತ್ತು. ಅವಳು ಅಷ್ಟರಲ್ಲಿ ಕೆಲಸ ಬಿಟ್ಟು ಹೋಗಿದ್ದಳು. ಆ ಮೂರು ವಾರ ನನ್ನನ್ನು ಇಂದಿಗೂ ಕಾಡುತ್ತವೆ.

ಇದು ಒಂದು ಮನೆಯ ಕಥೆ ಮಾತ್ರವಲ್ಲ. 2020ರ ಏಪ್ರಿಲ್‌ನಲ್ಲಿ ಲಂಡನ್ನಿನ ಆರು ಕೇರ್ ಹೋಮ್‌ಗಳಲ್ಲಿ ಲಕ್ಷಣ ಇದ್ದವರು, ಇಲ್ಲದವರು ಎನ್ನದೆ ಪರೀಕ್ಷೆ ನಡೆಸಿದರು. 264 ನಿವಾಸಿಗಳಲ್ಲಿ 105 ಮಂದಿಗೂ, 254 ಸಿಬ್ಬಂದಿಯಲ್ಲಿ 53 ಮಂದಿಗೂ ಸೋಂಕಿತ್ತು. ‘ಯಾರೋ ಒಬ್ಬರು ತಂದರು, ಎಲ್ಲರಿಗೂ ಹರಡಿತು’ ಎಂಬ ಊಹೆಗೆ ಜೀನೋಮ್ ಕೊಟ್ಟ ಉತ್ತರ ಏನು ಗೊತ್ತೇ? ಒಂದೇ ಮನೆಯೊಳಕ್ಕೆ ಬೇರೆ ಬೇರೆ ಕವಲಿನ ವೈರಸ್ ಒಂಬತ್ತು ಸಲದವರೆಗೆ ಪ್ರತ್ಯೇಕವಾಗಿ ನುಸುಳಿತ್ತು. ಒಂಬತ್ತು ಸಲ ಬಂದದ್ದಕ್ಕೆ ಒಬ್ಬರನ್ನು ಹೊಣೆ ಮಾಡುವುದು ಹೇಗೆ? ಸಿಬ್ಬಂದಿಯಲ್ಲೇ ಸುತ್ತಿದ ಗುಂಪುಗಳೂ ಕಂಡವು, ಅವರಲ್ಲಿ ಕೆಲವರಿಗೆ ನಿವಾಸಿಗಳ ಒಡನಾಟವೇ ಹೆಚ್ಚಿರಲಿಲ್ಲ. ಒಂದಕ್ಕಿಂತ ಹೆಚ್ಚು ಕೇರ್ ಹೋಮ್‌ಗಳಲ್ಲಿ ಪಾಳಿ ಮಾಡುತ್ತಿದ್ದ 27 ಮಂದಿಯಲ್ಲಿ 14 ಮಂದಿಗೆ ಸೋಂಕು ತಗುಲಿತ್ತು. ಒಂದೇ ಕೇರ್ ಹೋಮ್‌ನಲ್ಲಿ ದುಡಿಯುತ್ತಿದ್ದ 227 ಸಿಬ್ಬಂದಿಯಲ್ಲಿ 39 ಮಂದಿಗೆ. ಅಂದರೆ ಮೂರು ಪಟ್ಟು ಅಪಾಯ. ಎರಡು ಮೂರು ಕಡೆ ಯಾರೂ ಖುಷಿಗಾಗಿ ದುಡಿಯುವುದಿಲ್ಲ, ಒಂದು ಕಡೆಯ ಸಂಬಳ ಸಾಲದೆ ದುಡಿಯುತ್ತಾರೆ. ಅದೇ ವರ್ಷ ಇಂಗ್ಲೆಂಡಿನ ಕೇರ್ ಹೋಮ್‌ಗಳಲ್ಲಿ ನಡೆದ ವಿವಾಲ್ಡಿ ಎಂಬ ಸಮೀಕ್ಷೆ, ಕಾಯಿಲೆಯ ರಜೆಗೆ ಸಂಬಳ ಕೊಡುವ ಮನೆಗಳಲ್ಲಿ ನಿವಾಸಿಗಳಿಗೆ ಸೋಂಕು ಕಡಿಮೆ ಎಂದು ಕಂಡುಕೊಂಡಿತು. ನಿಮ್ಮ ಮ್ಯಾನೇಜರ್ ಓದಬೇಕಾದ ವರದಿ ಅದು.

ಇಂಗ್ಲೆಂಡಿನ ಪೂರ್ವ ಭಾಗದಲ್ಲಿ ಇನ್ನೂ ದೊಡ್ಡ ಪ್ರಮಾಣದಲ್ಲಿ ಈ ಕೆಲಸ ನಡೆಯಿತು. 292 ಮನೆಗಳ 700 ನಿವಾಸಿಗಳ ಜೀನೋಮ್ ಓದಿದಾಗ 409 ಬೇರೆ ಬೇರೆ ಗುಂಪುಗಳು ಸಿಕ್ಕವು. ಕೆಲವು ಕಡೆ ಒಳಗೆ ಬಂದ ವೈರಸ್ ಮನೆಯನ್ನೆಲ್ಲ ಆವರಿಸಿತ್ತು. ಇನ್ನು ಕೆಲವು ಕಡೆ ಒಬ್ಬಿಬ್ಬರಲ್ಲೇ ನಿಂತಿತ್ತು. ಆ ನಿವಾಸಿಗಳಲ್ಲಿ ಸುಮಾರು ಶೇ 70ರಷ್ಟು ಮಂದಿ ಅಧ್ಯಯನದ ಅವಧಿಯಲ್ಲಿ ಆಸ್ಪತ್ರೆಗೆ ದಾಖಲಾಗಿದ್ದರು. ವೈರಸ್ಸಿಗೆ ಆಸ್ಪತ್ರೆಯೂ ಒಂದು ದಾರಿ, ಏಜೆನ್ಸಿಯಿಂದ ಬರುವವರು, ಗುತ್ತಿಗೆ ಕೆಲಸದವರು, ಭಾನುವಾರ ನೋಡಲು ಬರುವ ಮಕ್ಕಳು ಎಲ್ಲರೂ ದಾರಿಗಳೇ. ಕರ್ನಾಟಕದಲ್ಲೂ 2020ರಲ್ಲಿ ನಂಜನಗೂಡಿನ ಔಷಧ ಕಾರ್ಖಾನೆಗೆ ಸೋಂಕು ತಂದವರಾರು ಎಂದು ಎಷ್ಟು ದಿನ ಹುಡುಕಾಡಿದರು ಎಂಬುದು ನಿಮಗೆ ನೆನಪಿರಬಹುದು. ಅದೇ ವರ್ಷ ನಿಮ್ಹಾನ್ಸ್‌ನವರು ರಾಜ್ಯದ ಮಾದರಿಗಳನ್ನು ಓದಿದಾಗ ವೈರಸ್ ರಾಜ್ಯಕ್ಕೆ ಹಲವು ಸಲ, ಹಲವು ಕವಲುಗಳಾಗಿ ಬಂದಿತ್ತು ಎಂದು ತಿಳಿಯಿತು.

ಇನ್ನು ‘ಮೊದಲು ಪಾಸಿಟಿವ್ ಬಂದವರೇ ಮೊದಲು ತಂದವರು’ ಎಂಬ ವಾದ. ಇದನ್ನು ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಕಿಂಗ್ ಕೌಂಟಿಯ ಒಂದು ಶುಶ್ರೂಷಾ ಗೃಹದಲ್ಲಿ 2020ರ ಮಾರ್ಚ್‌ನಲ್ಲಿ 76 ನಿವಾಸಿಗಳನ್ನು ಪರೀಕ್ಷಿಸಿದಾಗ 48 ಮಂದಿಗೆ ಸೋಂಕಿತ್ತು. ಅವರಲ್ಲಿ 27 ಮಂದಿಗೆ ಪರೀಕ್ಷೆಯ ದಿನ ಯಾವ ಲಕ್ಷಣವೂ ಇರಲಿಲ್ಲ. ಜ್ವರವಿಲ್ಲದ ಅಜ್ಜ ನಿಮಗಿಂತ ಐದು ದಿನ ಮೊದಲೇ ಸೋಂಕಿತರಾಗಿದ್ದರೆ ಯಾರಿಗೆ ತಿಳಿಯಬೇಕು? ಅದಲ್ಲದೆ 2020ರ ಜುಲೈನಿಂದ ಇಂಗ್ಲೆಂಡಿನ ಕೇರ್ ಹೋಮ್‌ಗಳಲ್ಲಿ ಸಿಬ್ಬಂದಿಗೆ ವಾರಕ್ಕೊಮ್ಮೆ, ನಿವಾಸಿಗಳಿಗೆ 28 ದಿನಕ್ಕೊಮ್ಮೆ ಪರೀಕ್ಷೆ ಎಂದು ಗೊತ್ತುಮಾಡಿದ್ದರು. ಹೆಚ್ಚು ಸಲ ಹುಡುಕಿದವರಲ್ಲಿ ಸೋಂಕು ಮೊದಲು ಸಿಗುತ್ತದೆ. ನಿಮ್ಮಲ್ಲಿ ಈಗ ಯಾರಿಗೆ ಎಷ್ಟು ದಿನಕ್ಕೊಮ್ಮೆ ಪರೀಕ್ಷೆ ನಡೆಯುತ್ತಿದೆ ಎಂದು ಮೊದಲು ಕೇಳಿ.

ಪರೀಕ್ಷೆಗೆ ಮಿತಿಗಳೂ ಇವೆ, ಅವುಗಳನ್ನು ಮುಚ್ಚಿಡುವುದಿಲ್ಲ. ಮಾದರಿಯಲ್ಲಿ ವೈರಸ್ ಕಡಿಮೆಯಿದ್ದರೆ ಬರಹ ಅರ್ಧಂಬರ್ಧ ಓದಿಸಿಕೊಳ್ಳುತ್ತದೆ. ಓದಲಾಗದ ಕಡೆಗಳಲ್ಲೆಲ್ಲ ಎನ್ ಎಂಬ ಅಕ್ಷರ ಬೀಳುತ್ತದೆ. ಕೆಲವು ಮಾದರಿಗಳಲ್ಲಿ ಪುಟಗಟ್ಟಲೆ ಎನ್ ಬಿಟ್ಟು ಬೇರೇನೂ ಇರುತ್ತಿರಲಿಲ್ಲ. ಗೆದ್ದಲು ತಿಂದ ಗರಿಯಿಂದ ಪಾಠ ನಿರ್ಣಯ ಆಗದು. ಮನೆಯ ಎಲ್ಲರ ಮಾದರಿಯೂ ಸಿಕ್ಕಿರಬೇಕು, ಊರಿನಲ್ಲಿ ಆಗ ಓಡಾಡುತ್ತಿದ್ದ ವೈರಸ್ಸಿನ ಮಾದರಿಗಳೂ ಹೋಲಿಕೆಗೆ ಬೇಕು. ಇಡೀ ಊರಿನಲ್ಲಿ ಒಂದೇ ಕವಲು ಹಬ್ಬಿದ್ದಾಗ ಇಬ್ಬರಲ್ಲಿ ಅದು ಒಂದೇ ಎಂದರೆ ಅದರಿಂದ ಏನೂ ಸಿದ್ಧವಾಗುವುದಿಲ್ಲ. ಜೀನೋಮ್ ಅನ್ನು ಪಾಳಿಪಟ್ಟಿ, ಕೊಠಡಿಗಳ ನಕ್ಷೆ, ಜ್ವರ ಶುರುವಾದ ದಿನಾಂಕ ಇವುಗಳ ಪಕ್ಕದಲ್ಲಿ ಇಟ್ಟು ಓದಿದಾಗ ಮಾತ್ರ ಅದಕ್ಕೆ ಅರ್ಥ ಬರುತ್ತದೆ. ನಾವು ಹಾಗೆ ಓದುತ್ತಿದ್ದದ್ದು ಸೋಂಕು ಯಾವ ದಾರಿಯಲ್ಲಿ ಬರುತ್ತಿದೆ, ಸಿಬ್ಬಂದಿ ಚಹಾ ಕುಡಿಯುವ ಕೋಣೆಯೋ, ಹಂಚಿಕೊಂಡ ಕಾರೋ ಎಂದು ತಿಳಿದು ಆ ದಾರಿ ಮುಚ್ಚುವುದಕ್ಕೆ. ಯಾರನ್ನೋ ಕೆಲಸದಿಂದ ತೆಗೆಯಲಿ ಎಂದು ಒಂದು ಟ್ಯೂಬನ್ನೂ ನಾವು ತೆರೆದವರಲ್ಲ.

ಈಗ ನೀವು ಮಾಡಬೇಕಾದದ್ದು. ಮಾದರಿಗಳನ್ನು ಸೀಕ್ವೆನ್ಸಿಂಗ್‌ಗೆ ಕಳಿಸಿದ್ದಾರೆಯೇ ಎಂದು ಮ್ಯಾನೇಜರನ್ನು ಇಮೇಲ್‌ನಲ್ಲಿ ಕೇಳಿ, ಬಾಯಿಮಾತಿನಲ್ಲಿ ಬೇಡ. ಕಳಿಸಿಲ್ಲವಾದರೆ ಅವರು ಹೇಳುತ್ತಿರುವುದು ಬರೀ ಊಹೆ. ಕಳಿಸಿದ್ದರೆ ಎಷ್ಟು ಮಂದಿಯ ಮಾದರಿ ಕಳಿಸಿದರು, ಎಷ್ಟು ಪೂರ್ತಿ ಓದಲು ಬಂದವು ಎಂದು ಕೇಳಿ. ಇಂಥ ಹರಡುವಿಕೆಯನ್ನು ನೋಡಿಕೊಳ್ಳುವುದು ಸರ್ಕಾರದ ಸ್ಥಳೀಯ ಆರೋಗ್ಯ ರಕ್ಷಣಾ ತಂಡ. ಅವರೊಂದಿಗೆ ನೀವೂ ಮಾತನಾಡಬಹುದು. ಕಾರ್ಮಿಕ ಸಂಘದ ಸದಸ್ಯತ್ವ ಇದ್ದರೆ ಇಂದೇ ಅವರಿಗೆ ತಿಳಿಸಿ. ನಿಮ್ಮ ವೀಸಾದ ಪ್ರಾಯೋಜಕರೂ ಈ ಕೇರ್ ಹೋಮ್ ಸಂಸ್ಥೆಯೇ ಆಗಿದ್ದರೆ ಇದನ್ನು ಖಂಡಿತ ಮುಂದೂಡಬೇಡಿ. ನಿಮಗೆ ಗಂಟಲು ನೋವು ಶುರುವಾದ ದಿನ, ಪರೀಕ್ಷೆ ಮಾಡಿಕೊಂಡ ದಿನ, ಯಾವ ಯಾವ ಕೊಠಡಿಗೆ ಹೋಗಿದ್ದಿರಿ ಎಂಬುದನ್ನು ನೆನಪು ಹಸಿಯಾಗಿರುವಾಗಲೇ ಬರೆದಿಡಿ. ಪಾಳಿಪಟ್ಟಿಯ ಫೋಟೊವನ್ನೂ ತೆಗೆದಿಟ್ಟುಕೊಳ್ಳಿ, ಹೊಸ ಪಟ್ಟಿ ಅಂಟಿಸಿದ ಮೇಲೆ ಹಳೆಯದು ನಿಮ್ಮ ಕೈಗೆ ಸಿಗದೆ ಹೋಗಬಹುದು.